ರೇಡಾರ್ ಚಿತ್ರದಲ್ಲಿ ದಡಕ್ಕಂಟಿದ ಸಮುದ್ರದ ಐಸ್ ಗುರುತಿಸುವುದು ಹೇಗೆ?

ಉಪಗ್ರಹದ ರೇಡಾರ್ ಚಿತ್ರಗಳನ್ನು ಈಗ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಹಾಗೆ ನೋಡಿದ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಉತ್ತರ ಧ್ರುವದ ಕಡೆಯ ಒಂದು ಕರಾವಳಿಯ ಚಿತ್ರ ತೆರೆದೆ. ಕಪ್ಪು, ಬೂದು, ಬಿಳಿ ಎಲ್ಲ ಇದೆ. ಇದರಲ್ಲಿ ನೀರು ಯಾವುದು, ಮಂಜುಗಡ್ಡೆ ಯಾವುದು?"

ಒಂದೇ ಚಿತ್ರ ಇಟ್ಟುಕೊಂಡು, ಬಣ್ಣ ನೋಡಿ, ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಎರಡು ಮೂರು ಚಿತ್ರ ಪಕ್ಕದಲ್ಲಿಟ್ಟು ಏನು ಅಲುಗಿದೆ, ಏನು ಅಲುಗಿಲ್ಲ ಅಂತ ನೋಡಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಕೆಲಸವನ್ನು ಸರಿಯಾಗಿ ಮಾಡುವುದಕ್ಕೇ ಇವೆ.

ಅಭ್ಯಾಸಕ್ಕೆ ಅಲಾಸ್ಕಾದ ತುತ್ತತುದಿಯ ಉತ್ಕಿಯಾಗ್ವಿಕ್ ಊರನ್ನು ತೆಗೆದುಕೊಳ್ಳೋಣ. 2016ರವರೆಗೆ ಇದರ ಅಧಿಕೃತ ಹೆಸರು ಬ್ಯಾರೋ. ಹಳೆಯ ನಕ್ಷೆ, ಹಳೆಯ ವರದಿಗಳಲ್ಲಿ ಆ ಹೆಸರೇ ಸಿಗುತ್ತದೆ. ಇಲ್ಲಿನ ಇನ್ಯುಪಿಯಾಟ್ ಜನ ವಸಂತದಲ್ಲಿ ದಡಕ್ಕಂಟಿದ ಐಸ್‌ನ ಅಂಚಿಗೆ ಹೋಗಿ, ಅಲ್ಲೇ ಬಿಡಾರ ಹೂಡಿ ತಿಮಿಂಗಿಲ ಬೇಟೆ ಮಾಡುತ್ತಾರೆ. ಕಾಲ ಕೆಳಗಿನ ಐಸ್ ಕಳಚಿಕೊಂಡರೆ ಬಿಡಾರದ ಸಮೇತ ಸಮುದ್ರಕ್ಕೆ ತೇಲಿ ಹೋಗುತ್ತಾರೆ. 1997ರ ಮೇ ತಿಂಗಳಲ್ಲಿ ಹಾಗೇ ಆಯಿತು. ನೂರಕ್ಕೂ ಜಾಸ್ತಿ ಜನರನ್ನು ರಕ್ಷಿಸಬೇಕಾಯಿತು. ಅಂಥ ಊರಾದ್ದರಿಂದ ಇಲ್ಲಿ ಉಪಗ್ರಹದ ಚಿತ್ರದ ಜೊತೆಗೆ ದಡದಲ್ಲೇ ಕೂರಿಸಿದ ರೇಡಾರ್‌ನ ಅನುಭವವೂ ಇದೆ. ಕಲಿಯುವವರಿಗೆ ಇಷ್ಟು ಒಳ್ಳೆಯ ಜಾಗ ಬೇರೆ ಸಿಗುವುದು ಕಷ್ಟ.

ಮೊದಲು ನಾಲ್ಕು ಪದ

ದಡಕ್ಕಂಟಿದ ಐಸ್ ಅಂದರೆ ಕರಾವಳಿಗೆ ಹತ್ತಿಕೊಂಡು ನಿಂತಲ್ಲೇ ನಿಂತಿರುವ ಸಮುದ್ರದ ಮಂಜುಗಡ್ಡೆ. ಅದರಾಚೆ ಗಾಳಿ, ಪ್ರವಾಹ ತಳ್ಳಿದ ಕಡೆ ಓಡಾಡುವುದು ತೇಲುವ ಐಸ್. ಇವೆರಡರ ನಡುವೆ ತೆರೆದುಕೊಳ್ಳುವ ನೀರಿನ ಸೀಳಿಗೆ ಲೀಡ್ ಎನ್ನುತ್ತಾರೆ. ತೇಲುವ ಐಸ್ ಬಂದು ಒತ್ತಿದಾಗ ಹಲಗೆಗಳು ಮುರಿದು, ಒಂದರ ಮೇಲೊಂದು ಪೇರಿಸಿಕೊಂಡು ಆಗುವ ದಿಬ್ಬವೇ ರಿಡ್ಜ್. ರಿಡ್ಜ್ ಮೇಲೆ ಕಾಣುವುದಕ್ಕಿಂತ ನೀರಿನೊಳಗೆ ಇರುವುದು ಜಾಸ್ತಿ. ಆಳ ಕಡಿಮೆ ಇರುವ ಕಡೆ ಅದರ ಬುಡ ಸಮುದ್ರದ ತಳಕ್ಕೆ ಕಚ್ಚಿಕೊಳ್ಳುತ್ತದೆ. ಅಲಾಸ್ಕಾದ ಈ ತೀರದಲ್ಲಿ ದಡಕ್ಕಂಟಿದ ಐಸ್‌ನ ಗಟ್ಟಿಯಾದ ಅಂಚು ಹೆಚ್ಚಾಗಿ 20 ಮೀಟರ್ ಆಳದ ಗೆರೆಯ ಹತ್ತಿರ ಸಿಗುವುದಕ್ಕೆ ಇದೇ ಕಾರಣ. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ರೇಡಾರ್ ಏಕೆ?

ಉತ್ಕಿಯಾಗ್ವಿಕ್‌ನಲ್ಲಿ ನವೆಂಬರ್ ಮೂರನೇ ವಾರ ಮುಳುಗಿದ ಸೂರ್ಯ ಮತ್ತೆ ಮೂಡುವುದು ಜನವರಿ ಕೊನೆಯ ಭಾಗದಲ್ಲಿ. ಬೆಳಕು ಬಂದ ಮೇಲೂ ಮೋಡದ ಕಾಟ ತಪ್ಪಿದ್ದಲ್ಲ. ಸಾಮಾನ್ಯ ಕ್ಯಾಮೆರಾದ ಉಪಗ್ರಹ ಅಲ್ಲಿ ತಿಂಗಳುಗಟ್ಟಲೆ ಕುರುಡು. ರೇಡಾರ್ ತನ್ನದೇ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ಕತ್ತಲೆ, ಮೋಡ ಎರಡೂ ಅದಕ್ಕೆ ಲೆಕ್ಕವಿಲ್ಲ.

ಏನೇನು ಬೇಕು?

ಕಂಪ್ಯೂಟರ್, ಇಂಟರ್ನೆಟ್, ಕೋಪರ್ನಿಕಸ್ ಬ್ರೌಸರ್‌ನಲ್ಲಿ ಒಂದು ಖಾತೆ. ಕೋಪರ್ನಿಕಸ್ ಯುರೋಪಿನ ಭೂ ವೀಕ್ಷಣೆ ಯೋಜನೆ. ಖಾತೆಗೆ ದುಡ್ಡಿಲ್ಲ. ಮೊಬೈಲ್‌ನಲ್ಲೂ ತೆರೆಯುತ್ತದೆ, ಆದರೆ ಈ ಕೆಲಸಕ್ಕೆ ದೊಡ್ಡ ಪರದೆಯೇ ಬೇಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸಮುದ್ರದ ಆಳದ ನಕ್ಷೆಯೂ ಬೇಕು. ಅಮೆರಿಕದ ನೋವಾ ಸಂಸ್ಥೆಯ ನೌಕಾ ನಕ್ಷೆಗಳು ಉಚಿತವಾಗಿ ಸಿಗುತ್ತವೆ.

ನಾವು ಬಳಸುವುದು ಸೆಂಟಿನೆಲ್-1 ಉಪಗ್ರಹಗಳ ಚಿತ್ರ. ಇವುಗಳ ರೇಡಾರ್ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಇದಕ್ಕೆ ಸಿ-ಬ್ಯಾಂಡ್ ಎಂದು ಹೆಸರು. ಮೊದಲನೆಯದು 2014ರ ಏಪ್ರಿಲ್‌ನಲ್ಲಿ ಹಾರಿತು. ಹಳೆಯ ಚಳಿಗಾಲಗಳನ್ನು ನೋಡುವವರು ಒಂದು ವಿಷಯ ತಿಳಿದಿರಬೇಕು. ಜೋಡಿಯಲ್ಲಿ ಎರಡನೆಯದಾದ 1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟು ನಿಂತಿತು. ಅದರ ಜಾಗಕ್ಕೆ 1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ನಡುವಿನ ಚಳಿಗಾಲಗಳಲ್ಲಿ ಚಿತ್ರಗಳು ವಿರಳ. ಅದು ನಿಮ್ಮ ಹುಡುಕಾಟದ ತಪ್ಪಲ್ಲ.

ಹಂತ 1: ಜಾಗ ಮತ್ತು ಕಾಲ ಆರಿಸಿ

ಬ್ರೌಸರ್‌ನ ಹುಡುಕು ಪಟ್ಟಿಯಲ್ಲಿ ಊರಿನ ಹೆಸರು ಕೊಡಿ. ಸಿಗದಿದ್ದರೆ ಅಕ್ಷಾಂಶ ಉತ್ತರ 71.29, ರೇಖಾಂಶ ಪಶ್ಚಿಮ 156.79 ಹಾಕಿ. ಊರು ವಾಯವ್ಯಕ್ಕೆ ಮುಖ ಮಾಡಿ ಚುಕ್ಚಿ ಸಮುದ್ರದ ದಡದಲ್ಲಿದೆ. ಈಶಾನ್ಯಕ್ಕೆ ಚೂಪಾಗಿ ಚಾಚಿದ್ದು ಪಾಯಿಂಟ್ ಬ್ಯಾರೋ. ಅದರ ಪೂರ್ವಕ್ಕೆ ಬ್ಯೂಫೋರ್ಟ್ ಸಮುದ್ರ. ಚೂಪಿನ ಬೆನ್ನಿಗೆ ಎಲ್ಸನ್ ಲಗೂನ್ ಎಂಬ ಆಳವಿಲ್ಲದ ಹಿನ್ನೀರು.

ಮೊದಲ ಸಲ ಫೆಬ್ರವರಿಯಿಂದ ಏಪ್ರಿಲ್ ನಡುವಿನ ಚಿತ್ರಗಳನ್ನೇ ತೆಗೆಯಿರಿ. ಐಸ್ ಗಟ್ಟಿಯಾಗಿರುತ್ತದೆ, ಮೇಲಿನ ಹಿಮ ಒಣಗಿರುತ್ತದೆ. ಜೂನ್ ಚಿತ್ರದಿಂದ ಕಲಿಯಲು ಶುರು ಮಾಡಿದರೆ ಏನೂ ಅರ್ಥವಾಗುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಹಂತ 2: ಸರಿಯಾದ ಪದರ ತೆರೆಯಿರಿ

ಸೆಂಟಿನೆಲ್-1 ಆರಿಸಿದ ಮೇಲೆ ಎರಡು ಆಯ್ಕೆ ಎದುರಾಗುತ್ತವೆ. ಒಂದು, ಚಿತ್ರ ತೆಗೆಯುವ ವಿಧಾನ. ಐಡಬ್ಲ್ಯೂ ವಿಧಾನದಲ್ಲಿ ಪಟ್ಟೆಯ ಅಗಲ 250 ಕಿಲೋಮೀಟರ್, ವಿವರ ಜಾಸ್ತಿ. ಇಡಬ್ಲ್ಯೂ ವಿಧಾನದಲ್ಲಿ ಅಗಲ 400 ಕಿಲೋಮೀಟರ್, ವಿವರ ಕಡಿಮೆ. ಧ್ರುವ ಪ್ರದೇಶದ ಸಮುದ್ರಕ್ಕೆ ಇಡಬ್ಲ್ಯೂ ಹೆಚ್ಚು ಬಳಕೆಯಲ್ಲಿದೆ. ಕರಾವಳಿಯಲ್ಲಿ ಎರಡನ್ನೂ ಹುಡುಕಿ, ಯಾವುದು ಸಿಗುತ್ತದೋ ಅದನ್ನು ತೆಗೆದುಕೊಳ್ಳಿ.

ಇನ್ನೊಂದು, ಪೋಲರೈಸೇಶನ್. ಅಂದರೆ ಅಲೆ ಅಡ್ಡಡ್ಡ ಕಂಪಿಸುತ್ತದೋ, ಲಂಬವಾಗಿ ಕಂಪಿಸುತ್ತದೋ ಎಂಬುದು. ಅಡ್ಡ ಕಳಿಸಿ ಅಡ್ಡವೇ ಪಡೆದರೆ ಎಚ್‌ಎಚ್. ಅಡ್ಡ ಕಳಿಸಿ ಲಂಬ ಪಡೆದರೆ ಎಚ್‌ವಿ. ಎರಡೂ ಇರುವ ಚಿತ್ರ ಸಿಕ್ಕರೆ ಬಿಡಬೇಡಿ. ನೋಟಕ್ಕೆ ಡೆಸಿಬೆಲ್ ಪದರವನ್ನೇ ಆರಿಸಿ. ವಾಪಸ್ ಬರುವ ಅಲೆಯ ಬಲದಲ್ಲಿ ಸಾವಿರಾರು ಪಟ್ಟು ವ್ಯತ್ಯಾಸ ಇರುತ್ತದೆ. ಡೆಸಿಬೆಲ್ ಅಳತೆ ಅದನ್ನು ಕಣ್ಣಿಗೆ ಹಿಡಿಸುವ ಹಾಗೆ ಕುಗ್ಗಿಸುತ್ತದೆ.

ಎಚ್ಚರಿಕೆ: ಚಿತ್ರದ ಹೊಳಪನ್ನು ತಾನಾಗಿ ಹಿಗ್ಗಿಸುವ ಸೌಲಭ್ಯ ಇದ್ದರೆ ಅದನ್ನು ಆಫ್ ಮಾಡಿಬಿಡಿ. ಒಂದು ದಿನದ ಚಿತ್ರಕ್ಕೆ ಒಂದು ಅಳತೆ, ಇನ್ನೊಂದು ದಿನಕ್ಕೆ ಬೇರೆ ಅಳತೆ ಆದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಹಂತ 3: ಕೆರೆಗಳ ಮೇಲೆ ಕಣ್ಣು ಪಳಗಿಸಿ

ಸಮುದ್ರಕ್ಕೆ ಇಳಿಯುವ ಮೊದಲು ಊರಿನ ದಕ್ಷಿಣದ ಬಯಲು ನೋಡಿ. ನೂರಾರು ಕೆರೆಗಳಿವೆ, ಎಲ್ಲವೂ ಉದ್ದುದ್ದ, ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ ಚಾಚಿಕೊಂಡಿವೆ. ಮಾರ್ಚ್ ಚಿತ್ರದಲ್ಲಿ ಕೆಲವು ಬೆಳ್ಳಗೆ ಹೊಳೆಯುತ್ತವೆ, ಕೆಲವು ಕಪ್ಪು. ಕೆಲವು ಕೆರೆಗಳ ನಡುವಷ್ಟೇ ಬಿಳಿ, ಸುತ್ತ ಕಪ್ಪು ಅಂಚು. ಚಳಿಗಾಲದಲ್ಲಿ ಎಲ್ಲ ಕೆರೆಗಳ ಮೇಲೂ ಐಸ್ ಇರುತ್ತದೆ. ಹಾಗಿದ್ದರೆ ಈ ವ್ಯತ್ಯಾಸ ಯಾಕೆ?

ಐಸ್ ಕೆಳಗೆ ನೀರು ಉಳಿದಿದ್ದರೆ ರೇಡಾರ್ ಅಲೆ ಐಸ್ ತೂರಿ ಹೋಗಿ, ನೀರಿನ ಮೇಲ್ಮೈಗೆ ಬಡಿದು ಬಲವಾಗಿ ವಾಪಸ್ ಬರುತ್ತದೆ. ಅದು ಬಿಳಿ. ನೀರು ತಳದವರೆಗೂ ಹೆಪ್ಪುಗಟ್ಟಿದ್ದರೆ ಅಲೆ ಐಸ್ ದಾಟಿ ಕೆಳಗಿನ ನೆಲದೊಳಗೆ ಇಂಗಿ ಹೋಗುತ್ತದೆ. ಅದು ಕಪ್ಪು. ಅಂಚಿನಲ್ಲಿ ಆಳ ಕಡಿಮೆ, ಅದಕ್ಕೇ ಕಪ್ಪು ಅಂಚು. ಅಂದರೆ ಇಲ್ಲಿ ಕಪ್ಪು ಎಂದರೆ ನೀರಲ್ಲ. ಪೂರ್ತಿ ಗಟ್ಟಿಯಾದ ಕೆರೆ! ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಮುಂದೆ ಕಪ್ಪನ್ನೆಲ್ಲ ನೀರು ಎಂದುಕೊಳ್ಳುವುದಿಲ್ಲ.

ಆದರೆ ಇದು ಸಿಹಿನೀರಿನ ಐಸ್‌ನ ನಿಯಮ. ಸಮುದ್ರದ ಹೊಸ ಐಸ್‌ನಲ್ಲಿ ಉಪ್ಪು ನೀರು ಸಿಕ್ಕಿಕೊಂಡಿರುತ್ತದೆ, ಅಲೆ ಒಳಗೆ ಹೆಚ್ಚು ದೂರ ಹೋಗುವುದಿಲ್ಲ. ಅಲ್ಲಿ ಮೇಲ್ಮೈ ಎಷ್ಟು ಒರಟು ಎಂಬುದೇ ಮುಖ್ಯ.

ಹಂತ 4: ಸಮುದ್ರದ ಹೊಳಪನ್ನು ಅನುಮಾನದಿಂದ ಓದಿ

ಮಳೆ ನಿಂತ ರಾತ್ರಿ ಗಾಡಿ ಓಡಿಸುವಾಗ ಒದ್ದೆ ಡಾಂಬರು ರಸ್ತೆ ಕಪ್ಪಗೆ ಕಾಣುತ್ತದೆ ಅಲ್ವಾ? ಹೆಡ್‌ಲೈಟ್ ಬೆಳಕು ನಯವಾದ ಮೇಲ್ಮೈಯಿಂದ ಮುಂದಕ್ಕೆ ಜಾರಿ ಹೋಗುತ್ತದೆ, ನಿಮ್ಮ ಕಡೆ ಬರುವುದಿಲ್ಲ. ರೇಡಾರ್‌ಗೂ ಹಾಗೇ. ನಯವಾದದ್ದು ಕಪ್ಪು, ಒರಟಾದದ್ದು ಬಿಳಿ. ತೊಂದರೆ ಇರುವುದು ಇಲ್ಲೇ:

- ಗಾಳಿ ಇಲ್ಲದ ದಿನದ ನೀರು ಕಪ್ಪು. ಆಗಷ್ಟೇ ಕಟ್ಟಿದ ತೆಳುವಾದ, ನಯವಾದ ಐಸ್ ಕೂಡ ಕಪ್ಪು.
- ಗಾಳಿ ಬೀಸಿ ಕಿರುಅಲೆ ಎದ್ದ ನೀರು ಬಿಳಿ. ರಿಡ್ಜ್‌ಗಳು ತುಂಬಿದ ಐಸ್ ಕೂಡ ಬಿಳಿ.
- ತೆಳು ಐಸ್ ಮೇಲೆ ಕಡು ಚಳಿಯಲ್ಲಿ ಉಪ್ಪು ಹೀರಿದ, ಹೂವಿನಂಥ ಐಸ್ ಹರಳುಗಳು ಅರಳುತ್ತವೆ. ಅವು ಮೂಡಿದರೆ ನಿನ್ನೆ ಕಪ್ಪಾಗಿದ್ದ ಲೀಡ್ ಇವತ್ತು ಬೆಳ್ಳಗೆ ಹೊಳೆಯಬಹುದು.
- ಬೇಸಿಗೆ ದಾಟಿ ಉಳಿದ ಹಳೆಯ ಐಸ್‌ನಲ್ಲಿ ಉಪ್ಪು ಇಳಿದು ಹೋಗಿ ಗಾಳಿಯ ಗುಳ್ಳೆಗಳು ತುಂಬಿರುತ್ತವೆ. ಅದೂ ಬಿಳಿ.

ಗಾಳಿಯ ನೀರಿಗೂ ಒರಟು ಐಸ್‌ಗೂ ವ್ಯತ್ಯಾಸ ಹಿಡಿಯಲು ಎಚ್‌ವಿ ಪದರ ಸಹಾಯ ಮಾಡುತ್ತದೆ. ಕಿರುಅಲೆ ಎದ್ದ ನೀರು ಎಚ್‌ಎಚ್‌ನಲ್ಲಿ ಬೆಳಗಿದರೂ ಎಚ್‌ವಿಯಲ್ಲಿ ಹೆಚ್ಚಾಗಿ ಕಪ್ಪಾಗೇ ಉಳಿಯುತ್ತದೆ. ಒರಟು ಐಸ್ ಎರಡರಲ್ಲೂ ಬೆಳಗುತ್ತದೆ. ಎಚ್‌ವಿಯಲ್ಲಿ ಉಪಗ್ರಹ ಸಾಗಿದ ದಿಕ್ಕಿಗೇ ನೆಟ್ಟಗೆ ಗೆರೆ ಅಥವಾ ಪಟ್ಟೆ ಕಂಡರೆ ಅದು ಉಪಕರಣದ ಗದ್ದಲ. ಅದನ್ನು ಐಸ್‌ನ ಅಂಚು ಎಂದುಕೊಳ್ಳಬೇಡಿ.

ಇನ್ನೊಂದು ಮೋಸ ಇದೆ. ಚಿತ್ರದ ಒಂದು ಪಕ್ಕ ಬೆಳ್ಳಗೆ, ಇನ್ನೊಂದು ಪಕ್ಕ ಕ್ರಮೇಣ ಕಪ್ಪಾಗುತ್ತಾ ಹೋಗುತ್ತದೆ. ಐಸ್ ಬದಲಾಗಿರುವುದಿಲ್ಲ. ಅಲೆ ಹತ್ತಿರದಲ್ಲಿ ಕಡಿದಾಗಿ ಬೀಳುತ್ತದೆ, ದೂರದಲ್ಲಿ ಓರೆಯಾಗಿ ಬೀಳುತ್ತದೆ, ಅಷ್ಟೇ.

ಹಂತ 5: ಒಂದೇ ದಾರಿಯ ಮೂರು ಚಿತ್ರ ಜೋಡಿಸಿ

ಇಡೀ ಕೆಲಸದ ಜೀವಾಳ ಇದು. ಒಂದೊಂದು ಸೆಂಟಿನೆಲ್-1 ಉಪಗ್ರಹವೂ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ, ಅದೇ ಕೋನದಲ್ಲಿ ಹಾದು ಹೋಗುತ್ತದೆ. ಹಾಗಾಗಿ ಮೊದಲ ದಿನ, 12 ದಿನದ ಮೇಲೆ, 24 ದಿನದ ಮೇಲೆ ಹೀಗೆ ಮೂರು ಚಿತ್ರ ತೆಗೆಯಿರಿ. ದಾರಿ ಒಂದೇ ಎಂದು ಖಚಿತಪಡಿಸಿಕೊಳ್ಳಲು ಚಿತ್ರದ ವಿವರದಲ್ಲಿ ಸಾಪೇಕ್ಷ ಕಕ್ಷೆಯ ಸಂಖ್ಯೆ ನೋಡಿ. ಮೂರರಲ್ಲೂ ಒಂದೇ ಇರಬೇಕು. ಆಗ ಕೋನದ ಮೋಸ ತಾನಾಗಿ ಕಳೆದು ಹೋಗುತ್ತದೆ.

ಅಲಾಸ್ಕಾ ತೀರದ ಅಧ್ಯಯನಗಳು ಸುಮಾರು 20 ದಿನ ಅಲುಗದೆ ದಡಕ್ಕೆ ಹೊಂದಿಕೊಂಡಿರುವುದನ್ನೇ ದಡಕ್ಕಂಟಿದ ಐಸ್ ಎಂದು ಲೆಕ್ಕ ಹಿಡಿದಿವೆ. ನಿಮ್ಮ ಮೂರು ಚಿತ್ರ ಆ ಅವಧಿಯನ್ನು ದಾಟುತ್ತವೆ.

ಪ್ರತಿ ಚಿತ್ರವನ್ನೂ ಪಿನ್ ಮಾಡಿಟ್ಟುಕೊಳ್ಳಿ. ಆಮೇಲೆ ಹೋಲಿಕೆಯ ಸೌಲಭ್ಯ ತೆರೆದು ಒಂದರ ಮೇಲೊಂದು ಹಾಕಿ, ಪರದೆ ಸರಿಸಿದ ಹಾಗೆ ಅತ್ತಿತ್ತ ಎಳೆಯಿರಿ. ನೋಡುವ ಕ್ರಮ ಹೀಗಿರಲಿ.

ಮೊದಲು ನೆಲದ ಗುರುತುಗಳು. ವಿಮಾನ ನಿಲ್ದಾಣದ ರನ್‌ವೇ, ಒಂದೆರಡು ಕೆರೆಯ ಮೂಲೆ. ಮೂರೂ ಚಿತ್ರದಲ್ಲಿ ಇವು ಒಂದೇ ಜಾಗದಲ್ಲಿ ಕೂತಿವೆಯಾ? ಇಲ್ಲ ಎಂದಾದರೆ ಅಲ್ಲೇ ನಿಲ್ಲಿ. ಚಿತ್ರವೇ ಜರುಗಿದ್ದರೆ ಐಸ್ ಜರುಗಿತು ಎಂದು ಹೇಳುವುದು ಹೇಗೆ?

ನಂತರ ಎಲ್ಸನ್ ಲಗೂನ್. ಇಲ್ಲಿನ ಐಸ್ ಸುತ್ತಲೂ ದಡದ ಆಸರೆಯಲ್ಲಿರುತ್ತದೆ, ಚಳಿಗಾಲದ ನಡುವೆ ಕದಲುವುದಿಲ್ಲ. ಅದರ ಬಿರುಕು, ಕಲೆಗಳು ಮೂರರಲ್ಲೂ ಅದೇ ಆಕಾರದಲ್ಲಿ ಇರುತ್ತವೆ. "ಅಲುಗದ ಐಸ್" ಹೇಗೆ ಕಾಣುತ್ತದೆ ಎಂದು ಇಲ್ಲಿ ಮನಸ್ಸಿಗೆ ಹಿಡಿಸಿಕೊಳ್ಳಿ. ಹೊಸ ಹಿಮ ಬಿದ್ದು ಬೂದು ಸ್ವಲ್ಪ ಆಚೀಚೆ ಆಗಬಹುದು, ಆಕಾರ ಮಾತ್ರ ಬದಲಾಗದು.

ಈಗ ಊರಿನ ಮುಂದಿನ ಸಮುದ್ರ. ದಡದಿಂದ ಆಚೆಗೆ ಒಂದೊಂದೇ ಗುರುತು ಹಿಡಿಯುತ್ತಾ ಹೋಗಿ. ಬಾಗಿದ ಒಂದು ಬಿಳಿ ರಿಡ್ಜ್, ಅದರ ಪಕ್ಕದ ಕಪ್ಪು ತುಂಡು, ಹೀಗೆ. ಮೂರು ಚಿತ್ರದಲ್ಲೂ ಅದು ಅಲ್ಲೇ ಇದೆಯಾ? ಇದ್ದರೆ ಇನ್ನೊಂದು ಹೆಜ್ಜೆ ಆಚೆಗೆ. ಒಂದು ಕಡೆ ಈ ಗುರುತುಗಳು ಫಕ್ಕನೆ ತಪ್ಪಿ ಹೋಗುತ್ತವೆ. ಮೊದಲ ಚಿತ್ರದ ಹಲಗೆ ಎರಡನೆಯದರಲ್ಲಿ ಇರುವುದೇ ಇಲ್ಲ, ಬೇರೆ ಯಾವುದೋ ಬಂದು ಕೂತಿರುತ್ತದೆ. ಅದೇ ನೀವು ಹುಡುಕುತ್ತಿದ್ದ ಅಂಚು. ಊರಿನ ಮುಂದೆ ತಳ ಬೇಗ ಆಳವಾಗುವುದರಿಂದ ಈ ಪಟ್ಟಿ ಅಷ್ಟೇನೂ ಅಗಲ ಇರುವುದಿಲ್ಲ. ಪೂರ್ವದ ಬ್ಯೂಫೋರ್ಟ್ ಕಡೆ ಆಳವಿಲ್ಲದ ಕೊಲ್ಲಿಗಳಲ್ಲಿ ತುಂಬಾ ಅಗಲ ಸಿಗುತ್ತದೆ.

ಹಂತ 6: ಗಾಳಿಯ ಲೆಕ್ಕ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ದಡದ ಕಡೆಗೆ ಗಾಳಿ ಬೀಸುತ್ತಲೇ ಇದ್ದರೆ ತೇಲುವ ಐಸ್ ಕೂಡ ಬಂದು ಒತ್ತಿ ನಿಲ್ಲುತ್ತದೆ. ಚಿತ್ರದಲ್ಲಿ ಅದು ಅಂಟಿಕೊಂಡ ಹಾಗೇ ಕಾಣುತ್ತದೆ. ನಿಜವಾಗಿ ಅಂಟಿದೆಯಾ, ಸುಮ್ನೆ ಒರಗಿ ನಿಂತಿದೆಯಾ ಎಂದು ಗೊತ್ತಾಗುವುದು ಗಾಳಿ ತಿರುಗಿದಾಗ ಮಾತ್ರ. ಉತ್ಕಿಯಾಗ್ವಿಕ್‌ನಲ್ಲಿ ಪೂರ್ವದ ಗಾಳಿ ಐಸನ್ನು ದಡದಿಂದ ಆಚೆ ತಳ್ಳಿ ಲೀಡ್ ತೆರೆಯುತ್ತದೆ. ಪಶ್ಚಿಮದ ಗಾಳಿ ಒಳಗೆ ತಳ್ಳುತ್ತದೆ.

ಆದ್ದರಿಂದ ಆ 24 ದಿನಗಳ ಗಾಳಿಯ ದಾಖಲೆ ತೆಗೆಯಿರಿ. ಅಲ್ಲಿನ ವಿಮಾನ ನಿಲ್ದಾಣದ ಹವಾಮಾನ ದಾಖಲೆ ಸಾರ್ವಜನಿಕವಾಗಿದೆ. ಜೋರಾದ ಪೂರ್ವದ ಗಾಳಿ ಒಮ್ಮೆಯಾದರೂ ಬೀಸಿ, ಆಮೇಲೂ ಐಸ್ ಅಲ್ಲೇ ಇದ್ದರೆ ನಿಮ್ಮ ತೀರ್ಮಾನಕ್ಕೆ ತೂಕ ಬರುತ್ತದೆ. ಬೀಸದಿದ್ದರೆ ನೋಟ್‌ಬುಕ್‌ನಲ್ಲಿ "ಪರೀಕ್ಷೆ ಆಗಿಲ್ಲ" ಎಂದು ಬರೆದು ಮುಂದಿನ ಚಿತ್ರಕ್ಕೆ ಕಾಯಿರಿ.

ಸಮಯದ ಲೆಕ್ಕವೂ ತಪ್ಪಬಾರದು. ಚಿತ್ರದ ಸಮಯ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ. ಅಲಾಸ್ಕಾ ಚಳಿಗಾಲದಲ್ಲಿ ಅದಕ್ಕಿಂತ 9 ಗಂಟೆ ಹಿಂದೆ, ನಾವು ಐದೂವರೆ ಗಂಟೆ ಮುಂದೆ. ತಾರೀಕೇ ಒಂದು ದಿನ ಹೆಚ್ಚು ಕಡಿಮೆ ಆಗುತ್ತದೆ.

ಹಂತ 7: ಅಂಚು ಎಳೆದು ಆಳಕ್ಕೆ ತಾಳೆ ಹಾಕಿ

ಅಳತೆಯ ಸಾಧನದಿಂದ ದಡದ ಮೂರು ನಾಲ್ಕು ಜಾಗದಿಂದ ಅಂಚಿನವರೆಗೆ ಗೆರೆ ಎಳೆದು ದೂರ ಬರೆದುಕೊಳ್ಳಿ. ಪ್ರತಿ ಸಲವೂ ಅದೇ ಜಾಗಗಳಿಂದಲೇ ಅಳೆಯಿರಿ. ಆಮೇಲೆ 20 ಮೀಟರ್ ಆಳದ ಗೆರೆ ಎಲ್ಲಿದೆ ನೋಡಿ. ನಿಮ್ಮ ಅಂಚು ಅದರ ಆಸುಪಾಸಿನಲ್ಲಿದ್ದು, ಅಲ್ಲಿ ರಿಡ್ಜ್‌ಗಳ ಬಿಳಿ ಸಾಲು ಕಂಡರೆ ತಳಕ್ಕೆ ಕಚ್ಚಿರುವ ಸಾಧ್ಯತೆ ಚೆನ್ನಾಗಿದೆ. ಅಂಚು ಅದಕ್ಕಿಂತ ತುಂಬಾ ಆಚೆ ಇದ್ದರೆ ಹೊರಗಿನ ಪಟ್ಟಿ ಹೊಸದಾಗಿ ಬಂದು ಸೇರಿದ್ದು, ಗಾಳಿ ತಿರುಗಿದರೆ ಕಳಚುವಂಥದ್ದು ಎಂದೇ ಮೊದಲು ಭಾವಿಸಿ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಅಲಾಸ್ಕಾಕ್ಕೆ ಐಸ್ ನಕ್ಷೆ ಹೊರಡಿಸುತ್ತದೆ. ನಿಮ್ಮ ಗೆರೆ ಎಳೆದು ಮುಗಿಸಿದ ಮೇಲೆ ಮಾತ್ರ ಅದನ್ನು ತೆರೆದು ಹೋಲಿಸಿ. ಮೊದಲೇ ನೋಡಿದರೆ ಕಣ್ಣು ಅದನ್ನೇ ಹುಡುಕುತ್ತದೆ.

ಹಂತ 8: ದಡದ ರೇಡಾರ್ ಏನು ಸೇರಿಸುತ್ತದೆ ಎಂದು ತಿಳಿಯಿರಿ

ಉಪಗ್ರಹದ ಎರಡು ಚಿತ್ರಗಳ ನಡುವೆ ದಿನಗಳು ಕಳೆಯುತ್ತವೆ. ಐಸ್ ಕಳಚಲು ಕೆಲವೇ ನಿಮಿಷ ಸಾಕು. ಈ ಕೊರತೆ ತುಂಬಲು ಅಲಾಸ್ಕಾ ವಿಶ್ವವಿದ್ಯಾಲಯದ ಫೇರ್‌ಬ್ಯಾಂಕ್ಸ್ ಕೇಂದ್ರದವರು ಊರಿನ ಒಂದು ಕಟ್ಟಡದ ಮೇಲೆ ಹಡಗುಗಳಲ್ಲಿ ಇರುವಂಥದೇ ರೇಡಾರ್ ಕೂರಿಸಿದರು. ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್, ನೋಟದ ವ್ಯಾಪ್ತಿ ಸುಮಾರು 11 ಕಿಲೋಮೀಟರ್. ಕೆಲವು ನಿಮಿಷಕ್ಕೊಂದು ಚಿತ್ರ.

ಇದರ ಚಿತ್ರ ಓದುವಾಗ ಉಪಗ್ರಹದ ಅಭ್ಯಾಸವನ್ನು ಹಾಗೇ ತರಬೇಡಿ. ಉಪಗ್ರಹ ಮೇಲಿನಿಂದ ನೋಡಿದರೆ ಇದು ಸಮುದ್ರದ ಮಟ್ಟಕ್ಕೆ ಹತ್ತಿರದಿಂದ ಅಡ್ಡಡ್ಡ ನೋಡುತ್ತದೆ. ಎದ್ದು ನಿಂತದ್ದು ಮಾತ್ರ ಕಾಣುತ್ತದೆ. ಮಟ್ಟಸ ಐಸ್ ಮತ್ತು ಶಾಂತ ನೀರು ಎರಡೂ ಒಂದೇ ಕಪ್ಪು. ದೊಡ್ಡ ರಿಡ್ಜ್‌ನ ಹಿಂದಿನ ಜಾಗವೂ ನೆರಳಿನಲ್ಲಿ ಕಪ್ಪು. ಹಾಗಾಗಿ ಇಲ್ಲಿ ಬಿಡಿ ಚಿತ್ರಕ್ಕೆ ಬೆಲೆಯೇ ಇಲ್ಲ. ಸಾಲಾಗಿ ಜೋಡಿಸಿ ಓಡಿಸಿದಾಗ ದಡದ ಕಡೆಯ ಚುಕ್ಕೆಗಳು ನಿಂತೇ ಇರುತ್ತವೆ, ಹೊರಗಿನವು ಹಿಂಡಾಗಿ ಸಾಗುತ್ತವೆ. ಅಂಚು ಯಾರೂ ತೋರಿಸದೆ ಕಣ್ಣಿಗೆ ಹೊಡೆಯುತ್ತದೆ. ಐಸ್ ಕಳಚುವ ಮೊದಲು ನಿಂತ ಚುಕ್ಕೆಗಳು ಮಿಣುಕಲು ಶುರುವಾಗುವುದನ್ನೂ ಅಲ್ಲಿನ ಸಂಶೋಧಕರು ಗಮನಿಸಿದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವೂ ವಾಪಸ್ ಬರುವ ಅಲೆಯನ್ನು ಏರುಪೇರು ಮಾಡುತ್ತದೆ.

ರೇಡಾರ್ ಎಷ್ಟು ದೂರ ನೋಡಬಲ್ಲದು ಎಂಬುದಕ್ಕೆ ಒಂದು ಸುಲಭದ ಲೆಕ್ಕ: ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿ. 25 ಮೀಟರ್ ಎತ್ತರದ ರೇಡಾರ್‌ಗೆ ದಿಗಂತ ಸುಮಾರು 20 ಕಿಲೋಮೀಟರ್. ಆದರೆ ಅಷ್ಟು ದೂರದಲ್ಲಿ ಅಲೆ ನೀರನ್ನು ಸವರಿಕೊಂಡು ಹೋಗುವುದರಿಂದ ಐಸ್ ನೋಡಲು ಸಿಗುವ ದೂರ ಅದಕ್ಕಿಂತ ಬಹಳ ಕಡಿಮೆ.

ಯಾವಾಗ ನಿಲ್ಲಿಸಬೇಕು?

ಮೇ ಕೊನೆಗೆ ಹಿಮ ಒದ್ದೆಯಾಗಲು ಶುರುವಾಗುತ್ತದೆ. ಒದ್ದೆ ಹಿಮ ಅಲೆಯನ್ನು ನುಂಗಿಬಿಡುತ್ತದೆ. ರಿಡ್ಜ್, ಮಟ್ಟಸ ಐಸ್, ಹಳೆಯ ಐಸ್ ಎಲ್ಲ ಒಂದೇ ಮಂಕು ಬೂದು. ಆಮೇಲೆ ಐಸ್ ಮೇಲೆಯೇ ಕರಗಿದ ನೀರಿನ ಹೊಂಡಗಳು ಕಟ್ಟುತ್ತವೆ. ಗಾಳಿ ಬಂದರೆ ಅವು ಬಿಳಿ, ಇಲ್ಲದಿದ್ದರೆ ಕಪ್ಪು. ಈ ಕಾಲದಲ್ಲಿ ರೇಡಾರ್ ಬದಿಗಿಟ್ಟು, ಮೋಡ ಇಲ್ಲದ ದಿನ ಸೆಂಟಿನೆಲ್-2ರ ಬಣ್ಣದ ಚಿತ್ರ ನೋಡಿ. ಅಷ್ಟು ಹೊತ್ತಿಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ.

ಒಂದು ಮಾತು ಕಡ್ಡಾಯ. ಇದು ಕಲಿಕೆಗೆ, ವರ್ಷದಿಂದ ವರ್ಷಕ್ಕೆ ಬದಲಾವಣೆ ಅರಿಯುವುದಕ್ಕೆ. ಉತ್ತರದ ದೇಶಗಳಲ್ಲಿ ಓದುತ್ತಾ, ಕೆಲಸ ಮಾಡುತ್ತಾ ಇರುವವರು ಈ ಚಿತ್ರ ನಂಬಿ ಐಸ್ ಮೇಲೆ ಕಾಲಿಡಬೇಡಿ. ದಪ್ಪ ಎಷ್ಟು ಎಂದು ಈ ಚಿತ್ರ ಹೇಳುವುದಿಲ್ಲ. ನೀವು ನೋಡುತ್ತಿರುವುದು ಮೊನ್ನೆಯ ಐಸ್ ಇರಬಹುದು. ಅಲ್ಲಿನ ಜನರನ್ನು ಕೇಳದೆ ಹೋಗಲೇಬಾರದು.

ನೈಸಾರ್ ಚಿತ್ರ ಬಳಸುವವರಿಗೆ

ಬೆಂಗಳೂರಿನಲ್ಲಿ ಜೋಡಣೆ, ಪರೀಕ್ಷೆ ಆಗಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನೈಸಾರ್ ಬಗ್ಗೆಯೂ ಹಲವರು ಕೇಳುತ್ತಾರೆ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ಈ ಉಪಗ್ರಹದಲ್ಲಿ ಎರಡು ರೇಡಾರ್ ಇವೆ. ನಾಸಾದ ಎಲ್-ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್, ಇಸ್ರೋದ ಎಸ್-ಬ್ಯಾಂಡ್ ಅಲೆ 9 ಸೆಂಟಿಮೀಟರ್ ಚಿಲ್ಲರೆ. ಇದೂ 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಅದರಿಂದ ಮೇಲಿನ ಮೂರು ಚಿತ್ರಗಳ ಕ್ರಮ ಹಾಗೇ ನಡೆಯುತ್ತದೆ.

ಹೊಳಪಿನ ಓದು ಮಾತ್ರ ಬದಲಾಗುತ್ತದೆ. ಅಲೆ ಉದ್ದವಾದಷ್ಟೂ ಸಣ್ಣ ಒರಟುತನ ಅದಕ್ಕೆ ನಯವಾಗಿಯೇ ತೋರುತ್ತದೆ. ಹರಳಿನ ಹೂವುಗಳು ಸಿ-ಬ್ಯಾಂಡ್‌ನಲ್ಲಿ ಮಿಂಚಿದಷ್ಟು ಎಲ್-ಬ್ಯಾಂಡ್‌ನಲ್ಲಿ ಮಿಂಚುವುದಿಲ್ಲ. ರಿಡ್ಜ್‌ಗಳು ಹಿನ್ನೆಲೆಯಿಂದ ಇನ್ನಷ್ಟು ಎದ್ದು ಕಾಣುತ್ತವೆ. ಸೆಂಟಿನೆಲ್ ಚಿತ್ರಕ್ಕೂ ನೈಸಾರ್ ಚಿತ್ರಕ್ಕೂ ನೇರ ಹೋಲಿಕೆ ಮಾಡಬೇಡಿ. ಒಂದೊಂದಕ್ಕೂ ಬೇರೆ ಪುಟ ಇಟ್ಟು, ಹಂತ 3ರ ಕೆರೆಗಳಿಂದಲೇ ಮತ್ತೆ ಶುರು ಮಾಡಿ.